ಅಂಚಣ್ಣ ಕತ್ತರಿಸಿದ ‘ಸೂನ್’ ಕಟ್ಟು

ಅಂಚಣ್ಣನ ಕೈಗೆ ಯಾವ ಕಾಗದ ಸಿಕ್ಕಿದರೂ ಅವನು ಮೊದಲು ಓದುತ್ತಿರಲಿಲ್ಲ, ತಟ್ಟುತ್ತಿದ್ದ. ಎರಡು ಅಂಗೈಗಳ ನಡುವೆ ಕಟ್ಟನ್ನು ನಿಲ್ಲಿಸಿಕೊಂಡು, ಮೇಜಿನ ಮೇಲೆ ಎಡಬದಿಯನ್ನೊಮ್ಮೆ, ಕೆಳಬದಿಯನ್ನೊಮ್ಮೆ ಟಕ್ ಟಕ್ ಎಂದು ತಟ್ಟಿ, ಹಾಳೆಗಳೆಲ್ಲ ಗಾರೆ ಮಾಡಿದ ಗೋಡೆಯ ಹಾಗೆ ನೆಟ್ಟಗೆ ನಿಂತ ಮೇಲೆಯೇ ಮುಂದಿನ ಮಾತು. ಮನೆಗೆ ಬಂದ ಮದುವೆಯ ಕರೆಯೋಲೆಗಳನ್ನೂ ತಟ್ಟುತ್ತಿದ್ದ, ಇಸ್ಪೀಟೆಲೆಗಳನ್ನಂತೂ ಎಷ್ಟು ಹೊತ್ತು ತಟ್ಟುತ್ತಿದ್ದನೆಂದರೆ ಆಟಕ್ಕೆ ಕೂತವರು ಎದ್ದು ಹೋಗುತ್ತಿದ್ದರು. ಸದಾ ಅಂಚು ತಟ್ಟುವ ಅಣ್ಣ, ಅದಕ್ಕೇ ಅವನಿಗೆ ಅಂಚಣ್ಣ ಎಂಬ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹೊಸದಾಗಿ ಬಂದವರು ಅವನನ್ನು ಅಂಚೆಯಣ್ಣ ಎಂದುಕೊಂಡು ಕಾಗದ ಕೊಡುತ್ತಿದ್ದರು. ಅವನು ತಿದ್ದಲು ಹೋಗದೆ ತೆಗೆದುಕೊಂಡು ಹೋಗಿ ಪೆಟ್ಟಿಗೆಗೆ ಹಾಕಿ ಬರುತ್ತಿದ್ದ.

ಕಟ್ಟಡ ಒಂದೇ, ಬದುಕು ಎರಡು. ಕೆಳಗಿನ ಮಹಡಿಯಲ್ಲಿ ಮುದ್ರಣಾಲಯ, ಎರಡನೇ ಮಹಡಿಯಲ್ಲಿ ನಿಘಂಟಿನ ಕಚೇರಿ. ಅಂಚಣ್ಣ ಹದಿನಾಲ್ಕು ವರ್ಷ ಕೆಳಗೆ ಪುಸ್ತಕ ಕಟ್ಟಿದ. ಹೊಲಿಗೆ ಹಾಕಿ, ಅಂಟು ಬಳಿದು, ಮೂರು ಬದಿ ಕತ್ತರಿಸಿ ಕೊಡುವುದು ಅವನ ಕೆಲಸ. ಆಮೇಲೆ ಆ ಕೆಲಸವನ್ನೆಲ್ಲ ಹೊರಗಿನವರಿಗೆ ಕೊಡಲು ಶುರುವಾಯಿತು, ಬೈಂಡಿಂಗ್ ವಿಭಾಗ ಮುಚ್ಚಿತು, ಅವನನ್ನು ಮೇಲಕ್ಕೆ ಕಳಿಸಿದರು. ಅಲ್ಲಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹನ್ನೊಂದು ವರ್ಷ ಕೂತ. ಟೀ ತರುವುದು, ಫೈಲು ಹೊರುವುದು, ಗಂಟೆ ಬಾರಿಸಿದರೆ ಏಳುವುದು. ಕಟ್ಟುವ ಕೈಗೆ ಕಟ್ಟಲು ಏನೂ ಇರಲಿಲ್ಲ.

ಆ ಕಚೇರಿಯಲ್ಲಿ ಇಂಗ್ಲಿಷಿನ ಒಂದೊಂದು ಪದಕ್ಕೂ ನಮ್ಮ ಮಾತಿನಲ್ಲಿ ಅರ್ಥ ಬರೆದು, ಆ ಪದ ಎಲ್ಲಿ ಹುಟ್ಟಿತು, ಯಾವ ಯಾವ ಕಾಲದಲ್ಲಿ ಏನೇನಾಗಿ ಬಾಳಿತು ಎಂದು ಹೇಳುವ ದೊಡ್ಡ ನಿಘಂಟು ತಯಾರಾಗುತ್ತಿತ್ತು. ನಲವತ್ತು ವರ್ಷದಿಂದ ತಯಾರಾಗುತ್ತಲೇ ಇತ್ತು. ಅಲ್ಲಿನವರಿಗೆ ಕ್ಯಾಲೆಂಡರು ಬೇಕಿರಲಿಲ್ಲ. ಒಬ್ಬರ ಮದುವೆ ‘ಎಚ್’ನಲ್ಲಿ ಆಗಿತ್ತು, ಇನ್ನೊಬ್ಬರಿಗೆ ‘ಎಂ’ನಲ್ಲಿ ಮಗಳು ಹುಟ್ಟಿದ್ದಳು, ಅಂಚಣ್ಣ ಮೇಲಕ್ಕೆ ಬಂದಾಗ ‘ಪಿ’ ನಡೆಯುತ್ತಿತ್ತು.

ನಿಘಂಟಿನ ಜೀವವೆಲ್ಲ ಚೀಟಿಗಳಲ್ಲಿತ್ತು. ಹಳೆಯ ಪುಸ್ತಕಗಳಿಂದ ಒಂದು ವಾಕ್ಯ ಎತ್ತಿ ಒಂದು ಚೀಟಿಯಲ್ಲಿ ಬರೆಯುವುದು. ಚೀಟಿಯ ಮೇಲಂಚಿನ ಸಾಲಿನಲ್ಲಿ ಇಸವಿ ಮತ್ತು ಪುಸ್ತಕದ ಹೆಸರು, ನಡುವೆ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ನಮ್ಮ ಮಾತಿನಲ್ಲಿ ಅದರ ಅರ್ಥ, ಬೆನ್ನಿನ ಮೇಲೆ ಒಂದು ಸಂಖ್ಯೆ. ಒಂದು ಪದದ ಚೀಟಿಗಳೆಲ್ಲ ಒಂದು ಕಟ್ಟು. ಕಟ್ಟಿನೊಳಗೆ ಹಳೆಯದು ಮೊದಲು, ಹೊಸದು ಕೊನೆಗೆ. ಬರೆದು ಕಳಿಸಿದವರು ನೂರಾರು ಜನ, ಸಿಕ್ಕ ಸಿಕ್ಕ ಕಾಗದದ ಮೇಲೆ ಬರೆದಿದ್ದರು. ಔಷಧದ ಡಬ್ಬಿಯ ರಟ್ಟು, ಕ್ಯಾಲೆಂಡರಿನ ಬೆನ್ನು, ಯಾರದೋ ಪರೀಕ್ಷೆಯ ಉತ್ತರಪತ್ರಿಕೆ, ಎಲ್ಲವೂ ಇದ್ದವು. ಒಂದರ ಅಳತೆ ಇನ್ನೊಂದಕ್ಕಿಲ್ಲ. ಅಂಚಣ್ಣನಿಗೆ ಅದನ್ನು ನೋಡಿದಾಗಲೆಲ್ಲ ಹಲ್ಲಿನಲ್ಲಿ ಮರಳು ಸಿಕ್ಕಿದ ಹಾಗಾಗುತ್ತಿತ್ತು.

ಆ ಚೀಟಿಗಳ ಕೋಣೆಗೆ ಒಂದೇ ಕೀಲಿ. ಅದನ್ನು ಇಟ್ಟುಕೊಂಡವರು ಪ್ರಧಾನ ಸಂಪಾದಕಿ, ಎಲ್ಲರೂ ಮೇಡಂ ಎನ್ನುತ್ತಿದ್ದ ಹೆಂಗಸು. ಮಿತವಾದ ಮಾತು, ದಪ್ಪ ಕನ್ನಡಕ. ಹನ್ನೊಂದನೇ ವರ್ಷದಲ್ಲಿ ಒಂದು ದಿನ ಅವರು ಅಂಚಣ್ಣನನ್ನು ಕರೆದು ಕೀಲಿಯನ್ನು ಅವನ ಕೈಗಿಟ್ಟರು.

“ನೀವು ಕಾಗದ ಮುಟ್ಟೋದು ನೋಡಿದೀನಿ. ಇನ್ನು ಮೇಲೆ ಕಟ್ಟುಗಳನ್ನ ನೀವೇ ತೆಗೆದು ನೀವೇ ಇಡಿ. ಒಂದು ಮಾತು. ಚೀಟಿಗೆ ಗಾಯ ಮಾಡಿದೋರು ಮತ್ತೆ ಈ ಕೀಲಿ ಮುಟ್ಟೋ ಹಾಗಿಲ್ಲ.”

ಹಿಂದೆ ಕೀಲಿ ಹಿಡಿದಿದ್ದವನು ಅಲ್ಲಾಡುವ ಮೇಜಿನ ಕಾಲಡಿ ಒಂದು ಚೀಟಿ ಮಡಚಿ ಇಟ್ಟಿದ್ದನಂತೆ. ಮರುದಿನವೇ ಅವನನ್ನು ಬೇರೆ ವಿಭಾಗಕ್ಕೆ ಕಳಿಸಿದರು.

ಕೀಲಿ ಬಂದ ದಿನ ಅಂಚಣ್ಣ ಅದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು ಮನೆಗೆ ಹೋದ. ಹೆಂಡತಿ ಕೇಳಿದಳು, “ಇದೇನ್ರೀ, ಪದಕ ಬಂತಾ?” ಅವನು ಹೌದೆಂದ. ಎರಡು ವರ್ಷ ಅವನು ಆ ಕೋಣೆಯಲ್ಲಿ ಮೀನು ನೀರಿನಲ್ಲಿದ್ದಂತೆ ಇದ್ದ. ಇಂಗ್ಲಿಷ್ ಅಕ್ಷರ ಗುರುತಿಸುವುದು ಬಿಟ್ಟರೆ ಅವನಿಗೆ ಆ ಭಾಷೆ ಬಾರದು. ಆದರೂ ಯಾವ ಪದ ಎಳೆದು ತೆಗೆಯುವ ಯಾವ ಸೆಳೆಖಾನೆಯಲ್ಲಿ, ಎಷ್ಟು ದಪ್ಪಗಿದೆ, ಯಾರ ಪಕ್ಕದಲ್ಲಿದೆ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ.

ಅಷ್ಟರಲ್ಲಿ ಹೊಸ ಉಕ್ಕಿನ ಸೆಳೆಖಾನೆಗಳು ಬಂದವು. ಒಂದು ಶುಕ್ರವಾರ. ನೋಡಲು ಚೆಂದ, ಆದರೆ ಅರ್ಧ ಬೆರಳು ಕುಳ್ಳು. ಕಟ್ಟುಗಳನ್ನು ಇಟ್ಟು ಮುಚ್ಚಿದರೆ ಉದ್ದದ ಚೀಟಿಗಳ ತಲೆ ಮಡಚಿಕೊಳ್ಳುತ್ತಿತ್ತು. ಮೇಡಂ ತಂಗಿಯ ಮನೆಗೆ ಹೋಗಿದ್ದರು, ಬರುವುದು ಸೋಮವಾರ. ಬುಧವಾರ ‘ಸೂನ್’ ವರೆಗಿನ ಪುಟಗಳು ಅಚ್ಚಿಗೆ ಇಳಿಯಬೇಕು. ಬೇಗ, ಇನ್ನು ಸ್ವಲ್ಪ ಹೊತ್ತಿನಲ್ಲಿ ಎಂದು ನಾವೆಲ್ಲ ತಿಳಿದಿರುವ ಆ ಪುಟ್ಟ ಪದಕ್ಕೆ ನೂರ ಎಪ್ಪತ್ತನಾಲ್ಕು ಚೀಟಿಗಳಿದ್ದವು. ಮೇಡಂ ಬಂದ ಮೇಲೆ ಮೊದಲು ಕೇಳುವ ಕಟ್ಟು ಅದೇ. ಅದನ್ನೊಂದನ್ನು ಚೊಕ್ಕ ಮಾಡಿ ಇಟ್ಟರೆ ಅವರಿಗೂ ಸಂತೋಷವಾದೀತು ಎಂದುಕೊಂಡು ಅಂಚಣ್ಣ ಕಟ್ಟನ್ನು ಎತ್ತಿಕೊಂಡು ಕೆಳಗಿಳಿದ.

ಮುದ್ರಣಾಲಯದ ಮೇಸ್ತ್ರಿ ಅವನ ಹಳೆಯ ಗೆಳೆಯ.

“ಏನಣ್ಣ, ಮೇಲೆ ಹೋದೋನು ಕೆಳಗೆ ಬಂದೆ? ಓದಿ ಓದಿ ತಲೆ ಕೆಟ್ಟಿತಾ?”

“ಓದೋದು ಅವರು ಕಣಯ್ಯ, ಜೋಡಿಸೋದು ನಾನು. ಕಟಿಂಗ್ ಮಿಷನ್ ಐದು ನಿಮಿಷ ಬಿಟ್ಟುಕೊಡು.”

“ತಗೋ. ಕೈಗೆ ನೆನಪಿದೆಯೋ ಇಲ್ಲವೋ ನೋಡೇಬಿಡೋಣ.”

ಕೈಗೆ ನೆನಪಿತ್ತು, ಅದೇ ಕೆಟ್ಟದ್ದಾಯಿತು. ಒಂದೇ ಅಳತೆಯ ಹಾಳೆಗಳನ್ನು ಒಟ್ಟಿಗೆ ಕತ್ತರಿಸಬೇಕು, ಇಲ್ಲದಿದ್ದರೆ ಕತ್ತಿ ಜಾರುತ್ತದೆ. ಹಾಗಾಗಿ ಅಂಚಣ್ಣ ಚೀಟಿಗಳನ್ನು ಅಳತೆಯ ಪ್ರಕಾರ ಆರು ಗುಡ್ಡೆ ಮಾಡಿದ. ಇಸವಿ ಬರೆದಿದೆಯಲ್ಲ, ಆಮೇಲೆ ಅದರ ಪ್ರಕಾರ ಜೋಡಿಸಿದರಾಯಿತು ಎಂದುಕೊಂಡ. ಸಣ್ಣವು ಮೂವತ್ತೆಂಟನ್ನು ಪಕ್ಕಕ್ಕಿಟ್ಟ, ಅವು ಹೇಗೂ ಹಿಡಿಯುತ್ತಿದ್ದವು. ಉಳಿದ ನೂರ ಮೂವತ್ತಾರನ್ನು ಎಡಕ್ಕೂ ಕೆಳಕ್ಕೂ ತಟ್ಟಿ, ಕತ್ತಿಯ ಕೆಳಗಿಟ್ಟು, ಮೇಲಂಚಿನಿಂದ ಅರ್ಧ ಬೆರಳು ತೆಗೆದ. ಹದಿನಾಲ್ಕು ವರ್ಷ ಅವನು ಕತ್ತರಿಸಿದ ಯಾವ ಪುಸ್ತಕದಲ್ಲೂ ಮೇಲಂಚಿನಲ್ಲಿ ಅಕ್ಷರ ಇರಲಿಲ್ಲ. ಮೇಲಂಚು ಎಂದರೆ ಖಾಲಿ ಜಾಗ ಎಂದು ಅವನ ಕೈ ಕಲಿತಿತ್ತು.

ಐದನೇ ಗುಡ್ಡೆ ಕತ್ತರಿಸಿದ ಮೇಲೆ, ಇನ್ನು ಜೋಡಿಸೋಣ ಎಂದು ಮೊದಲನೆಯ ಚೀಟಿಯ ಇಸವಿ ಹುಡುಕಿದ. ಎರಡನೆಯದರಲ್ಲಿ ಹುಡುಕಿದ. ಎರಡರಲ್ಲೂ ಇಸವಿಯ ಸಾಲೇ ಇರಲಿಲ್ಲ, ಅದು ಮೇಲಂಚಿನ ಜೊತೆಗೇ ಹೋಗಿತ್ತು.

“ಯಾಕೋ, ಬೆವರ್ತಾ ಇದ್ದೀಯ?” ಎಂದ ಮೇಸ್ತ್ರಿ.

ಕತ್ತರಿಸಿದ ಚೂರುಗಳು ಮಿಷನ್ನಿನ ಅಡಿಯ ಗೋಣಿಚೀಲಕ್ಕೆ ಬಿದ್ದಿದ್ದವು, ಬೆಳಗಿನಿಂದ ಬಿದ್ದ ನಾಲ್ಕು ಬೇರೆ ಕೆಲಸಗಳ ಚೂರುಗಳ ಜೊತೆಗೆ. ಇಬ್ಬರೂ ನೆಲದ ಮೇಲೆ ಕೂತು ಒಂದು ಗಂಟೆ ಹುಡುಕಿದರು. ಸಿಕ್ಕ ಚೂರು ಯಾವ ಚೀಟಿಯದೆಂದು ಹೇಳುವುದು ಹೇಗೆ? ಉದುರಿದ ಕೂದಲು ಯಾರ ತಲೆಯದೆಂದು ಹೇಳಿದ ಹಾಗೆ. ಎರಡು ಹೊಂದಿದವು, ಅವೂ ಅನುಮಾನವೇ. ಚೀಟಿಯ ಬೆನ್ನಿನ ಸಂಖ್ಯೆ ನೋಡಿ ಇಸವಿ ಹೇಳುವ ದಾಖಲೆ ಪುಸ್ತಕಗಳಿದ್ದವು, ಆದರೆ ಅವು ಮೇಡಂ ಅವರ ಬೀರುವಿನಲ್ಲಿ. ಆ ಬೀರು ತೆಗೆಸಬೇಕೆಂದರೆ ಮಾಡಿದ್ದನ್ನು ಹೇಳಬೇಕು. ಹೇಳಿದರೆ ಕೀಲಿ ಹೋಯಿತು, ಮತ್ತೆ ಬಾಗಿಲ ಪಕ್ಕದ ಸ್ಟೂಲು.

ಅಂಚಣ್ಣ ಕಟ್ಟನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಮನೆಗೆ ನಡೆದ. ಚೀಟಿಯನ್ನು ಕಟ್ಟಡದಿಂದ ಹೊರಗೆ ಒಯ್ದದ್ದು ಎರಡನೇ ತಪ್ಪು. ಅದು ಅವನಿಗೆ ಗೊತ್ತಿತ್ತು.

ಅವನ ಹೆಂಡತಿ ಒಂದು ಡಾಕ್ಟರ ಷಾಪಿನ ಹೊರಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೋಕನ್ ಕೊಡುತ್ತಿದ್ದಳು. ಬೀದಿಯಲ್ಲಿ ಅವಳನ್ನು ಎಲ್ಲರೂ ಟೋಕನ್ ಅಕ್ಕ ಎನ್ನುತ್ತಿದ್ದರು. ಕೆಮ್ಮುವವರು, ನರಳುವವರು, ಏನೂ ಆಗದೆ ಸುಮ್ಮನೆ ಬಂದವರು, ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ ಸಮಾಧಾನ ಹೇಳುವುದು ಅವಳ ಕಸುಬು. ಮುಖ ನೋಡಿ ಕಾಯಿಲೆ ಹೇಳುತ್ತಿದ್ದಳು. ಗಂಡನದು ಭಾನುವಾರ ಬೆಳಗ್ಗೆಯವರೆಗೂ ತಡೆದಿದ್ದೇ ಹೆಚ್ಚು.

“ರೀ, ಶುಕ್ರವಾರದಿಂದ ತಟ್ಟೆ ಮುಂದೆ ಕೂತು ತಟ್ಟೇನೇ ನೋಡ್ತೀರ. ಆ ಚೀಲಾನ ಮಂಚದಡಿ ತಳ್ತೀರ, ಮತ್ತೆ ಎಳೀತೀರ. ಅದರಲ್ಲೇನು ಬೆಕ್ಕಿನ ಮರಿ ಇದೆಯಾ?”

ಅವನು ಹೇಳಿದ. ಚೀಲದಿಂದ ಕಟ್ಟು ತೆಗೆದು ತೋರಿಸಿದ. ಅವಳು ಮೊದಲು ನಕ್ಕಳು, ಆಮೇಲೆ ಅವನ ಮುಖ ನೋಡಿ ನಗು ನುಂಗಿಕೊಂಡಳು.

“ಹೋಗ್ಲಿ ಬಿಡಿ. ಕೈ ಬೆರಳು ಕತ್ತರಿಸಿಕೊಂಡಿಲ್ಲವಲ್ಲ. ಈಗೇನು ಮಾಡ್ಬೇಕು ಅದನ್ನ ಹೇಳಿ.”

“ಹಳೇದು ಮೊದಲು ಬರ್ಬೇಕು ಕಣೇ. ಯಾವುದು ಹಳೇದು ಅಂತ ನನಗೇನು ಗೊತ್ತು? ಕಾಗದ ಹಳೇದಿದ್ರೆ ವಾಕ್ಯಾನೂ ಹಳೇದು ಅಂತಲ್ಲ. ಸೋಮವಾರ ಕೊಡ್ವಾಗ ಕಡೇಪಕ್ಷ ಏನೋ ಒಂದು ಕ್ರಮದಲ್ಲಿದ್ರೆ, ಬೇಕೂಂತ ಮಾಡಿಲ್ಲ ಅಂತಾದ್ರೂ ಅನ್ಕೋತಾರೇನೋ.”

ಅವಳು ಮೇಜಿನ ಮೇಲಿನ ಲೋಟಗಳನ್ನು ಎತ್ತಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆಯಿಂದ ಒರೆಸಿದಳು. ಕನ್ನಡಕ ಹಾಕಿಕೊಂಡು ಮೊದಲ ಚೀಟಿಯ ಕೆಳಗಿನ ಅರ್ಥ ಓದಿದಳು. “‘ಬಾಣ ನಾಟಿತು, ಅವನು ಕೂಡಲೇ ಸತ್ತನು.’” ಇನ್ನೊಂದು ತೆಗೆದಳು. “‘ಹೊಸ ಅಂಗಡಿ ಸದ್ಯದಲ್ಲೇ ತೆರೆಯಲಿದೆ.’ ಎರಡೂ ಒಂದೇ ಪದಾನಾ?”

“ಒಂದೇ. ‘ಸೂನ್’ ಅಂತ. ಬೇಗ ಅಂತ ಅರ್ಥ.”

“ಬಾಣ ತಿಂದೋನು ಕಾಯಲೇ ಇಲ್ಲ. ಅಂಗಡಿಯೋನು ಇನ್ನೂ ಕಾಯಿಸ್ತಾ ಇದ್ದಾನೆ.” ಅವಳು ಎರಡು ಚೀಟಿಗಳನ್ನು ಮೇಜಿನ ಎರಡು ತುದಿಗೆ ಇಟ್ಟಳು. “ಒಂದು ಕೆಲಸ ಮಾಡೋಣ. ಎಷ್ಟು ಹೊತ್ತು ಕಾಯ್ಬೇಕು ಅಂತ ನೋಡಿ ಜೋಡಿಸೋಣ. ಬೇರೆ ಏನೂ ನನಗೆ ಗೊತ್ತಿಲ್ಲ, ಅದು ಗೊತ್ತು.”

ಹೀಗೆ ಶುರುವಾಯಿತು. ಅವಳು ಓದುವುದು, ಇಬ್ಬರೂ ಸೇರಿ ತೀರ್ಮಾನ ಮಾಡುವುದು, ಅವನು ಇಡುವುದು. ಗುಡ್ಡೆಗಳಿಗೆ ಅವಳೇ ಹೆಸರು ಕೊಟ್ಟಳು. ಮೊದಲನೆಯದು ‘ರೆಪ್ಪೆ ಹೊಡೆಯೋಷ್ಟು’. ಎರಡನೆಯದು ‘ಒಂದು ಲೋಟ ನೀರು ಕುಡಿಯೋಷ್ಟು’. ಮೂರನೆಯದು ‘ಇನ್ನು ಮೂರು ಟೋಕನ್’. ನಾಲ್ಕನೆಯದು ‘ಊಟ ಮಾಡ್ಕೊಂಡು ಬನ್ನಿ’. ಐದನೆಯದು ‘ನಾಳೆ ಬನ್ನಿ’. ಕೊನೆಯದು ‘ಫೋನ್ ಮಾಡಿ ಕೇಳ್ಕೊಂಡು ಬನ್ನಿ’.

“‘ಅರಸನು ಕೈಯೆತ್ತಿದನು, ಒಡನೆಯೇ ಎಲ್ಲರೂ ಸುಮ್ಮನಾದರು.’”

“ರೆಪ್ಪೆ.”

“‘ಅವಳು ಬೇಗನೆ ಚೇತರಿಸಿಕೊಂಡಳು.’”

“ಲೋಟ?”

“ಚೇತರಿಸಿಕೊಳ್ಳೋದಕ್ಕೆ ಒಂದು ಲೋಟ ಸಾಕಾ? ನಮ್ಮಲ್ಲಿ ಹನ್ನೆರಡು ದಿನ ಮಾತ್ರೆ ತಗೊಂಡ್ರೂ ಆಗಲ್ಲ. ಅದನ್ನ ನಾಳೆ ಬನ್ನಿಗೆ ಹಾಕಿ.”

“‘ಸೇತುವೆಯ ದುರಸ್ತಿ ಸದ್ಯದಲ್ಲಿಯೇ ಆರಂಭವಾಗುವುದೆಂದು ಅಧಿಕಾರಿಗಳು ತಿಳಿಸಿದ್ದಾರೆ.’”

“ಇದಕ್ಕೆ ಗುಡ್ಡೆನೇ ಇಲ್ವಲ್ಲ,” ಎಂದ ಅಂಚಣ್ಣ. ಮೂರು ದಿನದಲ್ಲಿ ಮೊದಲ ಬಾರಿಗೆ ಅವನ ಮುಖ ಸಡಿಲವಾಯಿತು.

ಊಟದ ಹೊತ್ತು ದಾಟಿತು. ನೂರ ಎಪ್ಪತ್ತನಾಲ್ಕೂ ಮೇಜಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಮಲಗಿದವು. ಅವಳು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, ಮತ್ತೆ ಹಾಕಿಕೊಂಡು, ಒಂದು ಸಣ್ಣ ಚೀಟಿಯ ಮೇಲೆ ಬೆರಳಿಟ್ಟಳು.

“ರೀ, ಇದರ ತಲೆ ನೀವು ಕತ್ತರಿಸಿಲ್ಲ. ಇಸವಿ ಇದೆ.”

“ಸಣ್ಣವು. ಮೂವತ್ತೆಂಟು ಉಳಿದಿವೆ.”

“ರೆಪ್ಪೆ ಗುಡ್ಡೆಯದು ಸಾವಿರದ ಚಿಲ್ಲರೆ. ಇದೂ ಸಾವಿರದ ಇನ್ನೂರು. ಲೋಟದ್ದು ಸಾವಿರದ ಮುನ್ನೂರು, ನಾನೂರು. ಟೋಕನ್ನು ಐನೂರು, ಆರುನೂರು…” ಅವಳ ಬೆರಳು ಸಾಲಿನ ಉದ್ದಕ್ಕೂ ನಡೆಯಿತು. “ಕೊನೇ ಗುಡ್ಡೆ ಎಲ್ಲ ನಮ್ಮ ಕಾಲದ್ದು.”

ಅಂಚಣ್ಣ ಎದ್ದು ನಿಂತ. ಸಣ್ಣ ಚೀಟಿಗಳನ್ನು ಅವರು ಇಸವಿ ನೋಡಿ ಇಟ್ಟಿರಲಿಲ್ಲ. ನೋಡುವುದು ಅವರಿಗೆ ಹೊಳೆದೇ ಇರಲಿಲ್ಲ. ಬರೀ ಕಾಯುವ ಹೊತ್ತನ್ನು ನೋಡಿ ಇಟ್ಟಿದ್ದರು. ಆದರೂ ಇಸವಿಗಳು ಶಾಲೆಯ ಮಕ್ಕಳ ಹಾಗೆ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು.

“ಅಂದ್ರೆ ಆ ಪದ ಮೊದಲು ‘ಈಗಲೇ’ ಅಂತ ಇತ್ತು,” ಎಂದ ಅವನು ನಿಧಾನವಾಗಿ. “ಬರ್ತಾ ಬರ್ತಾ ಸೋಮಾರಿ ಆಗಿದೆ.”

“ಪದ ಯಾಕೆ ಸೋಮಾರಿ ಆಗುತ್ತೆ? ಹೇಳೋರು ಸೋಮಾರಿಗಳು. ನೀವು ಬಚ್ಚಲಿಂದ ‘ಬಂದೆ’ ಅಂತೀರ. ಬಂದೇ ಬಿಟ್ಟಿರೋ ಹಾಗೆ. ಬರೋದು ಯಾವಾಗ? ನಮ್ಮ ಡಾಕ್ಟರು ಫೋನಲ್ಲಿ ‘ಇಗೋ ಹೊರಟೆ’ ಅಂತಾರೆ, ಹಿಂದೆ ನಲ್ಲಿ ನೀರಿನ ಸದ್ದು ಕೇಳುತ್ತೆ, ಇನ್ನೂ ಮುಖ ತೊಳೀತಾ ಇರ್ತಾರೆ. ಕೇಳೋರು ಎಷ್ಟು ದಿನ ನಂಬ್ತಾರೆ? ಒಂದು ದಿನ ‘ಇಗೋ’ ಅಂದ್ರೆ ಅರ್ಧ ಗಂಟೆ ಅಂತ ಅವರೇ ಲೆಕ್ಕ ಹಾಕ್ಕೋತಾರೆ. ಅಲ್ಲಿಗೆ ಆ ಮಾತಿನ ಕಥೆ ಮುಗೀತು. ಪಾಪ, ಅವರೂರಲ್ಲೂ ಅದೇ ಕಥೆ.”

ಒಂದೇ ಒಂದು ತೊಡಕಿತ್ತು. ರೆಪ್ಪೆ ಗುಡ್ಡೆಯಲ್ಲಿ ಮೂರು ಸಣ್ಣ ಚೀಟಿಗಳು ತೀರ ಈಚಿನವು. ‘ಗಂಟೆ ಹೊಡೆದ ಕೂಡಲೇ ಮಕ್ಕಳು ಓಡಿದರು’ ಎಂಬಂಥವು. ಸಾವಿರ ವರ್ಷದ ಮುದುಕರ ಜೊತೆ ಮೊನ್ನೆ ಹುಟ್ಟಿದವು ಕೂತಿದ್ದವು. ಅಂಚಣ್ಣ ಅವನ್ನು ತೆಗೆದು ಕೊನೆಗೆ ಹಾಕಲು ಹೋದ. ಅವಳು ಕೈ ಹಿಡಿದಳು.

“ಮಕ್ಕಳು ಕಾದ್ರಾ?”

“ಇಲ್ಲ.”

“ಮತ್ತೆ ಅಲ್ಲೇ ಇರ್ಲಿ. ನಮಗೆ ಬೇಕಾದ ಹಾಗೆ ಬದಲಾಯಿಸಿದ್ರೆ ಅದು ಮೋಸ.”

ಅವಳು ಎದ್ದು ಊಟಕ್ಕೆ ತಟ್ಟೆ ಹಾಕಿದಳು. ಬಡಿಸುತ್ತಾ ಹೇಳಿದಳು, “ನಾಳೆ ಅವರು ಒಳಗೆ ಕಾಲಿಡ್ತಿದ್ದ ಹಾಗೆ ಹೇಳಿಬಿಡಿ. ಮೊದಲನೇ ಗುಡ್ಡೆ ಹಾಗೆ.”

ಸೋಮವಾರ ಮೇಡಂ ಹತ್ತಕ್ಕೆ ಬಂದರು. ಅಂಚಣ್ಣ ಬಾಗಿಲಲ್ಲೇ ನಿಂತಿದ್ದ.

“ಮೇಡಂ, ಒಂದು ವಿಷಯ ಇತ್ತು.”

“ಹೇಳಿ.”

“ಹೊಸ ಸೆಳೆಖಾನೆ ಬಂದಿದೆ.”

“ನೋಡಿದೆ. ಕುಳ್ಳಗಿವೆ, ವಾಪಸ್ ಕಳಿಸ್ಬೇಕು.” ಅವರು ಒಳಗೆ ಹೋದರು.

ಅರ್ಧ ಗಂಟೆ ಬಿಟ್ಟು ಮತ್ತೆ ಹೋದ. ಅವರು ತಲೆ ಎತ್ತಿದರು. ಟೀ ತರಲೇ ಎಂದು ಕೇಳಿ, ತಂದುಕೊಟ್ಟು ಬಂದ. ಹನ್ನೊಂದೂವರೆಗೆ ಹೋದಾಗ ಕಿಟಕಿ ಮುಚ್ಚಲೇ ಎಂದ. ಮುಚ್ಚಿಯೇ ಇತ್ತು. ಹನ್ನೆರಡಕ್ಕೆ ಕಚೇರಿಯ ಫೋನು ಹೊಡೆದುಕೊಂಡಿತು.

“ಹೇಳಿದ್ರಾ?” ಹೆಂಡತಿಯ ದನಿ, ಹಿಂದೆ ಯಾರದೋ ಕೆಮ್ಮು.

“ಇನ್ನೇನು ಹೇಳ್ತೀನಿ.”

“ಇದು ಯಾವ ಗುಡ್ಡೆ ‘ಇನ್ನೇನು’? ಲೋಟದ್ದಾ, ಊಟ ಮಾಡ್ಕೊಂಡು ಬನ್ನಿ ಅನ್ನೋದಾ?”

ಅಂಚಣ್ಣ ಫೋನಿಟ್ಟ. ಚೀಲದಿಂದ ಕಟ್ಟು ತೆಗೆದು, ಅಭ್ಯಾಸಬಲದಿಂದ ಎರಡು ಸಲ ತಟ್ಟಿ, ಒಳಗೆ ಹೋಗಿ ಮೇಡಂ ಮುಂದೆ ಇಟ್ಟ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಕತ್ತರಿಸಿದ್ದು, ಗೋಣಿಚೀಲ, ಮನೆಗೆ ಒಯ್ದದ್ದು, ಹೆಂಡತಿ ಓದಿದ್ದು, ಯಾವುದನ್ನೂ ಬಿಡಲಿಲ್ಲ.

ಮೇಡಂ ಒಂದು ಚೀಟಿ ಎತ್ತಿ, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು.

“ತುಂಬಾ ನೇರವಾಗಿ ಕತ್ತರಿಸಿದೀರ.”

“ಹೌದು ಮೇಡಂ,” ಎಂದುಬಿಟ್ಟ, ಎಷ್ಟೋ ವರ್ಷದ ಹೆಮ್ಮೆಯಿಂದ. ಆಮೇಲೆ ನಾಲಿಗೆ ಕಚ್ಚಿಕೊಂಡ.

“ಈ ಚೀಟಿ ನನ್ನ ಮೇಷ್ಟ್ರು ಬರೆದದ್ದು, ಅಂಚಣ್ಣ. ಆಸ್ಪತ್ರೆ ಮಂಚದ ಮೇಲೆ ಕೂತು ಬರೆದದ್ದು. ಔಷಧದ ಚೀಟಿ ಬೆನ್ನ ಮೇಲೆ. ಅವರು ಬರೆದ ಇಸವಿ ಈಗ ನಿಮ್ಮ ಗೋಣಿಚೀಲದಲ್ಲಿದೆ.”

ಅಂಚಣ್ಣ ನೆಲ ನೋಡುತ್ತಾ ನಿಂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಅವರು ಎದ್ದು ಬೀರು ತೆಗೆದು ದಾಖಲೆ ಪುಸ್ತಕಗಳನ್ನು ಹೊರಗೆ ಹಾಕಿದರು. ಒಂಬತ್ತು ದಪ್ಪ ಪುಸ್ತಕ. “ಕುರ್ಚಿ ಎಳ್ಕೊಳ್ಳಿ. ಬೆನ್ನಿನ ಸಂಖ್ಯೆ ಓದಿ. ನಾನು ಇಸವಿ ಹೇಳ್ತೀನಿ, ನೀವು ಬರೀರಿ. ಈಗಿರೋ ಕ್ರಮ ಕೆಡಿಸಬೇಡಿ.”

ಸೋಮವಾರ ಸಂಜೆಯವರೆಗೆ, ಮಂಗಳವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಕೆಲಸ. ಅವನು ಸಂಖ್ಯೆ ಓದುತ್ತಿದ್ದ, ಅವರು ಪುಟ ತಿರುವಿ ಇಸವಿ ಹೇಳುತ್ತಿದ್ದರು. ಮೊದಮೊದಲು ಅವರ ದನಿ ಒಣಗಿದ ಹಾಗಿತ್ತು. ಐವತ್ತು ಚೀಟಿ ದಾಟುವ ಹೊತ್ತಿಗೆ ಅವರು ಕುರ್ಚಿಯ ತುದಿಗೆ ಬಂದಿದ್ದರು. ನೂರು ದಾಟಿದಾಗ, ಮುಂದಿನ ಇಸವಿ ಎಷ್ಟಿರಬಹುದು ಎಂದು ಪುಟ ತೆಗೆಯುವ ಮೊದಲೇ ಊಹಿಸಲು ಶುರುಮಾಡಿದರು. ಹೆಚ್ಚು ಸಲ ಊಹೆ ಸರಿಯಾಯಿತು.

ನೂರ ಮೂವತ್ತಾರರಲ್ಲಿ ಸಾಲು ತಪ್ಪಿದವು ಹದಿನೇಳು. ಅದರಲ್ಲಿ ಹನ್ನೊಂದು ಚೀಟಿಗಳು ಮೊದಲ ಗುಡ್ಡೆಯಲ್ಲಿ ಮುದುಕರ ನಡುವೆ ಕೂತ ಈಚಿನವು. ಮೇಡಂ ಅವನ್ನು ಬೇರೆಯಾಗಿ ಹರಡಿ ನೋಡಿದರು. ಹನ್ನೊಂದರಲ್ಲೂ, ಹೆಂಡತಿ ತಡೆದಿದ್ದ ಆ ಮೂರು ಸಣ್ಣವುಗಳಲ್ಲೂ ಒಂದೇ ಜೋಡಣೆ ಇತ್ತು, ‘ಆಸ್ ಸೂನ್ ಆಸ್’. ಇದು ಆಗುತ್ತಿದ್ದಂತೆ ಅದು.

“ಇವನ್ನ ಯಾಕೆ ಇಲ್ಲಿಟ್ರಿ?”

“ಕಾಯಿಸಿಲ್ಲ ಮೇಡಂ. ಅದಕ್ಕೆ.”

“ಹೌದು,” ಎಂದರು ಅವರು, ತಮಗೆ ತಾವೇ ಹೇಳಿಕೊಂಡ ಹಾಗೆ. “ಒಂಟಿಯಾಗಿ ತಿರುಗಾಡಿದ್ದು ಸಡಿಲ ಆಯ್ತು. ಇನ್ನೊಂದು ಕೆಲಸದ ಜೊತೆ ಕಟ್ಟಿಹಾಕಿದ್ದು ಹಳೇ ಚುರುಕು ಉಳಿಸ್ಕೊಂಡಿದೆ. ಇದು ನನಗೆ ಗೊತ್ತಿರೋ ವಿಷಯಾನೇ. ಆದ್ರೆ ಹೀಗೆ ಕಣ್ಣಿಗೆ ಕಾಣೋ ಹಾಗೆ ಯಾವತ್ತೂ ನೋಡಿರ್ಲಿಲ್ಲ.” ಆ ಚೀಟಿಗಳನ್ನು ಒಟ್ಟು ಮಾಡುತ್ತಾ ಹೇಳಿದರು, “ಇದೊಂದೇ ಅಲ್ಲ ಅಂಚಣ್ಣ. ‘ಪ್ರೆಸೆಂಟ್ಲಿ’ ಅಂತ ಒಂದಿದೆ, ‘ಅನಾನ್’ ಅಂತ ಇನ್ನೊಂದಿದೆ. ಎರಡೂ ಹುಟ್ಟಿದಾಗ ‘ಈ ಕ್ಷಣ’ ಅಂತಲೇ ಇದ್ವು. ಎರಡೂ ಹೀಗೇ ಹಿಂದೆ ಬಿದ್ವು.”

“ಅವರಲ್ಲೂ ಡಾಕ್ಟರು ಲೇಟಾಗಿ ಬರ್ತಿದ್ರು ಅಂತ ಕಾಣುತ್ತೆ ಮೇಡಂ. ನಮ್ಮನೆಯವಳು ಹಾಗಂತಾಳೆ.”

ಮೇಡಂ ನಕ್ಕರು. ಹದಿಮೂರು ವರ್ಷದಲ್ಲಿ ಅಂಚಣ್ಣ ಅವರ ಹಲ್ಲು ನೋಡಿದ್ದು ಅದೇ ಮೊದಲು.

ಮಂಗಳವಾರ ಮಧ್ಯಾಹ್ನವೇ ಅವರು ತಾವು ಬರೆದಿಟ್ಟಿದ್ದ ‘ಸೂನ್’ ಪದದ ಟಿಪ್ಪಣಿಯನ್ನು ಹರಿದು ಹಾಕಿ ಹೊಸದಾಗಿ ಬರೆದರು. ಅರ್ಥಗಳು ಒಂದು, ಎರಡು, ಮೂರು ಎಂದು ಕಾಯುವ ಹೊತ್ತು ಬೆಳೆಯುವ ಕ್ರಮದಲ್ಲಿ ನಿಂತವು. ‘ಆಸ್ ಸೂನ್ ಆಸ್’ಗೆ ಪ್ರತ್ಯೇಕ ಸಾಲು, ‘ಇದರಲ್ಲಿ ಮೂಲದ ಶೀಘ್ರತೆ ಉಳಿದಿದೆ’ ಎಂದು. ಬರೆದು ಮುಗಿಸಿ, ಲೇಖನಿಯ ಮುಚ್ಚಳ ಹಾಕಿ, ಕೈ ಚಾಚಿದರು.

“ಕೀಲಿ ಕೊಡಿ.”

ಅಂಚಣ್ಣ ಕೊರಳಿನಿಂದ ದಾರ ತೆಗೆದ. ಕನ್ನಡಕದ ಹಿಂದೆ ಅವರ ಕಣ್ಣು ಏನು ಹೇಳುತ್ತಿದೆ ಎಂದು ತಿಳಿಯಲಿಲ್ಲ. ಕೀಲಿ ಮೇಜಿನ ಮೇಲೆ ಇಟ್ಟ. 

“ನಿಯಮ ಮಾಡಿದೋಳು ನಾನು. ನಿಮಗೊಂದು, ಇನ್ನೊಬ್ಬರಿಗೊಂದು ಮಾಡಕ್ಕಾಗಲ್ಲ. ಚೀಟಿಗೆ ಗಾಯ ಮಾಡಿದೋರ ಕೈಲಿ ಕೀಲಿ ಇರೋ ಹಾಗಿಲ್ಲ.”

“ಸರಿ ಮೇಡಂ.” ಅವನು ಬಾಗಿಲ ಕಡೆ ತಿರುಗಿದ.

“ನಾನಿನ್ನೂ ಮುಗಿಸಿಲ್ಲ. ಆ ಕೋಣೆಗೆ ನೀವು ಒಬ್ಬರೇ ಹೋಗೋ ಹಾಗಿಲ್ಲ. ನಾನು ಬೀಗ ತೆಗೀತೀನಿ, ಜೊತೇಲೇ ಹೋಗೋಣ. ಕಟ್ಟು ನೀವು ಇಳಿಸಿ, ಅರ್ಥ ನಾನು ಓದ್ತೀನಿ. ಎಲ್ಲಿಡಬೇಕು ಅಂತ ಇಬ್ಬರೂ ಜಗಳ ಆಡೋಣ. ಬೆಳಗ್ಗೆ ಒಂಬತ್ತೂವರೆಗೆ. ನಿಮ್ಮ ಸ್ಟೂಲು ಅಲ್ಲೇ ಬಿಡಿ, ಒಳಗೆ ಕುರ್ಚಿ ಹಾಕಿಸ್ತೀನಿ.”

ಅಂಚಣ್ಣ ಮೇಜಿನ ಮೇಲಿದ್ದ ದಾಖಲೆ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಅವರು ಬೇಡವೆನ್ನಲಿಲ್ಲ.

ಆ ಸುದ್ದಿ ಕೇಳಿ ಹೆಂಡತಿ ಡಾಕ್ಟರ ಷಾಪಿನ ಹೊರಕೋಣೆಯಲ್ಲಿ ಕೂತವರಿಗೆಲ್ಲ ಹೇಳಿದಳು. ಅವರಿಗೆ ಕಾಯುವುದು ಹೇಗೂ ಇತ್ತು, ಕೇಳಿಸಿಕೊಂಡರು. ಮುಂದೆ ‘ಝಡ್’ ಮುಗಿಯುವ ತನಕ, ಒಂಬತ್ತು ವರ್ಷ, ಮೇಡಂ ಮತ್ತು ಅಂಚಣ್ಣ ದಿನಾ ಬೆಳಗ್ಗೆ ಒಟ್ಟಿಗೆ ಆ ಕೋಣೆಗೆ ಹೋದರು. ಅವನಿಗೆ ಇಂಗ್ಲಿಷ್ ಕೊನೆಗೂ ಬರಲಿಲ್ಲ. ಆದರೆ ಯಾವ ಪದಕ್ಕೆ ಎಷ್ಟು ವಯಸ್ಸು, ಯಾವುದು ಚಿಕ್ಕಂದಿನಲ್ಲಿ ಒಳ್ಳೆಯದಿದ್ದು ದೊಡ್ಡದಾದ ಮೇಲೆ ಕೆಟ್ಟಿತು, ಯಾವುದು ಕೆಟ್ಟದ್ದಿದ್ದು ಬುದ್ಧಿ ಕಲಿಯಿತು ಎಂದು ಬಂಧುಬಳಗದ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದ.

ಆದರೆ ಅದೆಲ್ಲ ಆಮೇಲಿನ ಮಾತು. ಬುಧವಾರ ‘ಸೂನ್’ ಪುಟಗಳು ಕೆಳಗೆ ಅಚ್ಚಿಗೆ ಹೋದವು. ಗುರುವಾರ ಒಂಬತ್ತೂವರೆಗೆ ಮೇಡಂ ಬೀಗ ತೆಗೆದರು. ಅಕ್ಷರಕ್ರಮದಲ್ಲಿ ಮುಂದಿನ ಕಟ್ಟು ತೆಳ್ಳಗಿತ್ತು, ಒಲೆಯ ಮೇಲೆ, ಗೋಡೆಯ ಮೇಲೆ ಕೂರುವ ಹೊಗೆಮಸಿಯನ್ನು ಹೇಳುವ ಪದ. ಅಂಚಣ್ಣ ಅದನ್ನು ಇಳಿಸಿ, ತಟ್ಟಿ, ಹೊಸ ಕುರ್ಚಿಯಲ್ಲಿ ನೆಟ್ಟಗೆ ಕೂತ. ಮೇಡಂ ಮೊದಲ ಚೀಟಿ ಓದಿದರು.

“ಎಷ್ಟು ಹೊತ್ತು ಕಾಯ್ಬೇಕು ಮೇಡಂ ಇದಕ್ಕೆ?”

“ಇದು ಮಸಿ ಕಣ್ರೀ. ಇದರಲ್ಲಿ ಕಾಯೋದೇನಿದೆ?”

“ಯಾಕಿಲ್ಲ?” ಎಂದ ಅಂಚಣ್ಣ. “ಒಲೆ ಆರೋ ತನಕ ಕಾಯ್ಬೇಕಲ್ಲ, ಕೆರೆಯೋದಕ್ಕೆ.”

ಮೇಡಂ ಚೀಟಿಯನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, “ಸರಿ, ಶುರು ಆಯ್ತು ನಮ್ಮ ಜಗಳ,” ಎಂದು ಎರಡನೆಯ ಚೀಟಿ ತೆಗೆದುಕೊಂಡರು.